ವಾಲ್ವ್ ಇಲ್ಲದ ಪೈಪು

ಕೊಳಾಯಿ ನೀರಿಗೆ ಎಮ್ಮೆಯ ವಾಸನೆ ಬರುತ್ತಿದೆ ಎಂದು ಕೌನ್ಸಿಲಿನ ಸದಸ್ಯರೊಬ್ಬರು ಸಭೆಯಲ್ಲಿ ಎದ್ದು ನಿಂತು ಹೇಳಿದರು. ಇದೆಲ್ಲ ಶುರುವಾದದ್ದು ಅಲ್ಲಿಂದ. ನೀರು ಸರಬರಾಜಿನ ಓವರ್ಸಿಯರ್ ಆಗಿದ್ದ ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದೆ. ಆ ಮಹಾಶಯರ ಮನೆಯ ಕೊಳಾಯಿಯಲ್ಲಿ ಎಮ್ಮೆಯ ವಾಸನೆ ಹಾಗಿರಲಿ, ನೀರೇ ಬಾರದೆ ವಾರವಾಗಿತ್ತೆಂಬುದು ನನಗೆ ಗೊತ್ತಿತ್ತು. ಆದರೆ ಓವರ್ಸಿಯರ್ ಆದವನು ಸಭೆಯಲ್ಲಿ ಕೇಳಿದರೆ ಮಾತ್ರ ಬಾಯಿ ಬಿಡಬೇಕು. ಯಾರೂ ಕೇಳಲಿಲ್ಲ.

ನಗುವ ಸಂಗತಿಯೂ ಆಗಿರಲಿಲ್ಲ. ಆ ಚಳಿಗಾಲ ನಮ್ಮ ಊರಿನಲ್ಲಿ ವಿಷಮಜ್ವರ ಬಿಟ್ಟೂ ಬಿಡದೆ ಕಾಡಿತ್ತು. ನೀಲಗಿರಿಯ ಮೇಲೆ, ಊಟಿಯಿಂದ ಅರ್ಧ ದಿನದ ಗಾಡಿ ದಾರಿಯಲ್ಲಿದ್ದ ಸಣ್ಣ ಊರು ಅದು. ಒಂದು ಪೇಟೆಬೀದಿ, ಒಂದು ಸಂತೆಮಾಳ, ಒಂದು ಆಸ್ಪತ್ರೆ, ಗುಡ್ಡದ ಮೇಲೆ ಇಂಗ್ಲಿಷ್ ದೊರೆಗಳ ಬಂಗಲೆಗಳು. ಪೇಟೆಬೀದಿಯಲ್ಲಿ ಮನೆಗೊಬ್ಬರಂತೆ ಮಲಗಿದ್ದರು. ಆಸ್ಪತ್ರೆಯ ಡಾಕ್ಟರು ಮದರಾಸಿನ ಕಡೆಯ ತಮಿಳರು, ಕೌನ್ಸಿಲಿನಲ್ಲಿ ಅವರಿಗೂ ಒಂದು ಕುರ್ಚಿಯಿತ್ತು. ಜ್ವರ ನೀರಿನಿಂದಲೇ ಬರುತ್ತಿದೆ, ನೀರು ಬರುವ ತೊರೆಗೆ ದನ ಇಳಿಯುತ್ತವೆ, ದನ ಕಾಯುವವರು ಅಲ್ಲೇ ಕೈಕಾಲು ತೊಳೆಯುತ್ತಾರೆ ಎಂದು ಅವರು ವಿವರಿಸಿದರು. ತಮ್ಮ ಕೈಯಲ್ಲೇ ಎರಡು ಮಕ್ಕಳು ಹೋದವೆಂದೂ ಹೇಳಿದರು. ಆ ಮಾತನ್ನು ಅವರು ತಲೆ ತಗ್ಗಿಸಿಕೊಂಡು ಹೇಳಿದ್ದು ನನಗೆ ಇಂದಿಗೂ ನೆನಪಿದೆ.

ಕೌನ್ಸಿಲು ಅಂದೇ ತೀರ್ಮಾನಿಸಿತು. ನೀರು ಬರುವ ಕಣಿವೆಗೆ ಸುತ್ತಲೂ ಮುಳ್ಳುತಂತಿಯ ಬೇಲಿ ಹಾಕಬೇಕು. ಒಳಗೆ ಯಾವ ಪ್ರಾಣಿಯೂ ಹೋಗಕೂಡದು. ತೆರೆದ ತೊರೆಯನ್ನು ಬಿಟ್ಟು, ಒರತೆಯ ಹತ್ತಿರವೇ ಮುಚ್ಚಿದ ತೊಟ್ಟಿ ಕಟ್ಟಿ, ಅಲ್ಲಿಂದ ಪೈಪಿನಲ್ಲಿ ನೀರು ತರಬೇಕು. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ನನಗೆ ಒಳಗೊಳಗೇ ಖುಷಿಯಾಯಿತು. ಪೈಪು ಹಾಕುವ ಕೆಲಸವೆಂದರೆ ನನಗೆ ಆಗ ಹಬ್ಬದೂಟ.

ಆ ಕಣಿವೆಯನ್ನು ಈಗ, ಕೆಲಸ ಬಿಟ್ಟು ಬಂದು ನೆಲೆಸಿರುವ ಗುಂಡ್ಲುಪೇಟೆಯ ಬಿಸಿಲಿನಲ್ಲಿ ಕೂತು ನೆನೆಸಿಕೊಳ್ಳುತ್ತೇನೆ. ಬೆಳಿಗ್ಗೆ ಹೋದರೆ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿರುತ್ತಿತ್ತು. ಬೂಟು ಇಟ್ಟ ಕಡೆ ಕರಕರ ಸದ್ದು. ಬಿಸಿಲು ಏರಿದ ಹಾಗೆ ಇಡೀ ಇಳಿಜಾರು ಬೆವರಿದಂತೆ ಹೊಳೆದು, ಆಮೇಲೆ ಹುಲ್ಲು ಸುಟ್ಟ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಮೇಲುಗಡೆ ಶೋಲೆ ಕಾಡಿನ ಅಂಚಿನಲ್ಲಿ ಬಂಡೆಯ ಸಂದಿನಿಂದ ಒಂದು ಒರತೆ ಹುಟ್ಟುತ್ತಿತ್ತು. ಅದಕ್ಕಿಂತ ಬಹಳ ಕೆಳಗೆ, ಇಳಿಜಾರು ಚಪ್ಪಟೆಯಾಗುವ ಕಡೆ, ಇನ್ನೊಂದು ಒರತೆ. ಎರಡೂ ಕೂಡಿ ತೊರೆಯಾಗಿ ಕಣಿವೆಯ ಬಾಯಲ್ಲಿದ್ದ ಹಳೆಯ ಕಲ್ಲುತೊಟ್ಟಿಗೆ ಬೀಳುತ್ತಿತ್ತು. ಆ ತೊಟ್ಟಿಯಿಂದ ಊರಿಗೆ ಎರಕದ ಕಬ್ಬಿಣದ ಪೈಪು ಹೋಗಿತ್ತು.

ನಾನು ಹೊಸ ತೊಟ್ಟಿಗೆ ಆರಿಸಿದ್ದು ಕೆಳಗಿನ ಒರತೆಯ ಜಾಗ. ಮೇಲಿನ ನೀರೂ ಅಲ್ಲಿಗೇ ಬಂದು ಸೇರುತ್ತಿದ್ದುದರಿಂದ ಒಂದೇ ತೊಟ್ಟಿಯಲ್ಲಿ ಎರಡನ್ನೂ ಹಿಡಿಯಬಹುದಿತ್ತು. ಲೆವೆಲ್ ಯಂತ್ರ ನಿಲ್ಲಿಸಿ ಇಳಿಜಾರು ಅಳೆದೆ, ಸರಪಳಿ ಎಳೆದು ಬೇಲಿಯ ಗೆರೆ ಗುರುತು ಹಾಕಿದೆ. ಮಲೆಯಾಳದ ಕಡೆಯ ಮೇಸ್ತ್ರಿಯೊಬ್ಬ ತನ್ನ ಆಳುಗಳ ಜೊತೆ ತೊಟ್ಟಿಯ ಪಾಯ ತೋಡತೊಡಗಿದ. ಬೇಲಿ ಕಂಬ ನೆಡುವುದಕ್ಕೆ ಆ ಗುಡ್ಡಗಳಲ್ಲಿ ಬೇಸಾಯ ಮಾಡಿ ದನ ಸಾಕುವ ಬಡಗರ ಹತ್ತಿರದ ಹಟ್ಟಿಯಿಂದ ಆಳುಗಳು ಬಂದರು.

ಕಂಬಗಳು ಅರ್ಧ ಸುತ್ತು ಬಂದಿರಬೇಕು, ಒಂದು ಬೆಳಿಗ್ಗೆ ಆ ಹಟ್ಟಿಯ ಗೌಡರು ಇಳಿದು ಬಂದರು. ತಲೆಗೆ ಬಿಳಿ ಮುಂಡಾಸು, ಮೈಗೆ ಬಿಳಿ ಹೊದಿಕೆ, ಕೈಯಲ್ಲಿ ಕೋಲು. ಸಂತೆಯಲ್ಲಿ ಸಿಕ್ಕಾಗ ನಮಸ್ಕಾರ ಮಾಡುವಷ್ಟು ಪರಿಚಯ ನಮಗಿತ್ತು. ಅವರ ಬಡಗ ಮಾತು ನನಗೆ ಅರ್ಥವಾಗುತ್ತಿತ್ತು; ಅದರಲ್ಲಿ 'ನಂಗ' ಎಂದರೆ ನಾವು, 'ನಿಂಗ' ಎಂದರೆ ನೀವು. ನನ್ನ ಜೊತೆ ಮಾತಾಡುವಾಗ ಅವರೂ ಅದನ್ನು ನನ್ನ ಕನ್ನಡದ ಕಡೆಗೆ ಒಂದಿಷ್ಟು ಬಗ್ಗಿಸುತ್ತಿದ್ದರು.

"ಓವರ್ಸೀರಯ್ಯ, ಈ ಬೇಲಿ ಎಲ್ಲಿವರೆಗ ಹೋಗ್ತದ?"

"ಕಣಿವೆ ಸುತ್ತ ಬರುತ್ತೆ, ಗೌಡರೇ. ಕೌನ್ಸಿಲ್ ತೀರ್ಮಾನ."

"ಹಾಗಾದ್ರ ಉಪ್ಪಿನ ಕುಳಿ ಒಳಗ ಸಿಕ್ಕೀತು."

ಯಾವ ಕುಳಿ ಎಂದು ಕೇಳಿದೆ. ಅವರು ನನ್ನನ್ನು ಕೆಳಗಿನ ಒರತೆಯ ಹತ್ತಿರ ಕರೆದುಕೊಂಡು ಹೋಗಿ ಕೋಲಿನಿಂದ ತೋರಿಸಿದರು. ಹುಲ್ಲು ಬೆಳೆದ ಒಂದು ತಗ್ಗು. ಮೇಸ್ತ್ರಿಯ ಪಾಯ ಅದರ ಅಂಚಿನವರೆಗೂ ಬಂದಿತ್ತು. ಹಿಮದ ಕಾಲ ಕಳೆದು ಹೊಸ ಹುಲ್ಲು ಚಿಗುರುವಾಗ ಹಟ್ಟಿಯವರೆಲ್ಲ ದನ ಹೊಡೆದುಕೊಂಡು ಇಲ್ಲಿಗೆ ಬರುತ್ತಾರೆ. ಒರತೆಯ ಪಕ್ಕದಲ್ಲಿ ಕೈಯಲ್ಲೇ ಕುಳಿ ತೋಡಿ, ಹರಿಯುವ ನೀರನ್ನು ಅದಕ್ಕೆ ತಿರುಗಿಸಿ, ಉಪ್ಪು ಹಾಕಿ, ಮನೆಮನೆಯ ದನಕ್ಕೂ ಕುಡಿಸುತ್ತಾರೆ. ಅದಾದ ಮೇಲೆಯೇ ಆ ಹಟ್ಟಿಯಲ್ಲಿ ದನವನ್ನು ಹೊಸ ಹುಲ್ಲಿಗೆ ಬಿಡುವುದು.

"ಬೇರೆ ಕಡೆ ಕುಳಿ ತೋಡಬಾರದಾ?" ಎಂದೆ.

ಅವರು ಕೋಲಿನ ತುದಿಯಿಂದ ತಗ್ಗಿನ ಹುಲ್ಲು ಸರಿಸಿದರು. "ಎನ್ನ ಅಪ್ಪ ಇಲ್ಲೇ ತೋಡಿದ್ದು. ಅವನ ಅಪ್ಪನೂ ಇಲ್ಲೇ. ಎನ್ನ ಕಾಲದಲ್ಲಿ ಇದು ನಿಂತುಹೋಯ್ತು ಅನ್ನೋ ಮಾತು ಬರಬಾರದು, ಓವರ್ಸೀರಯ್ಯ. ಎನಗ ಬೇರೆ ಏನೂ ಬೇಡ."

ಮುಂದಿನ ಸಭೆಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಅವರು ಬಾಗಿಲ ಬಳಿ ನಿಂತು ತಮಿಳಿನಲ್ಲಿ ನಾಲ್ಕೇ ಮಾತು ಹೇಳಿದರು. ಒಂದು ದಿನದ ಮಾತಾದರೂ ದನ ಒಳಗೆ ಬರಕೂಡದು ಎಂದು ಡಾಕ್ಟರು ಖಂಡಿತವಾಗಿ ನುಡಿದರು. ಆಗ ಎದ್ದವರು ನಮ್ಮ ಮೈಸೂರು ಕಡೆಯ ಜವಳಿ ಸಾಹುಕಾರರು. ವ್ಯಾಪಾರಿಯ ಬುದ್ಧಿ, ಯಾವ ಜಗಳವೂ ಅವರಿಗೆ ಚೌಕಾಸಿಯೇ. ಬೇಲಿಯ ಹೊರಗೆ ಒಂದು ಕಲ್ಲಿನ ಬಾನಿ ಕಟ್ಟಿ, ಕೆಳಗಿನ ಒರತೆಯಿಂದ ಅಲ್ಲಿಗೆ ಪೈಪಿನಲ್ಲಿ ಅದೇ ನೀರು ಬಿಟ್ಟರಾಯಿತಲ್ಲ ಎಂದರು. ಎಲ್ಲರೂ ತಲೆದೂಗಿದರು. ಚೇರ್ಮನ್ ಆಗಿದ್ದ ವಯಸ್ಸಾದ ತೋಟದ ದೊರೆ ತೀರ್ಮಾನ ಬರೆಸಿದರು. ಗೌಡರು ಕೈ ಮುಗಿದು ಹೋದರು. ಒಪ್ಪಿದರು ಎಂದೇ ನಾವೆಲ್ಲ ತಿಳಿದೆವು.

ಆ ಪೈಪಿಗೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾನಿಯ ಜಾಗಕ್ಕೂ ಒರತೆಗೂ ನಡುವೆ ಒಂದು ದಿಣ್ಣೆಯಿತ್ತು. ಪೈಪು ಅದನ್ನು ಹತ್ತಿ ಇಳಿಯಬೇಕು. ಒಂದು ಪೈಪಿನ ಬಾಯಿಗೆ ಇನ್ನೊಂದರ ತುದಿ ಸೇರಿಸಿ, ಸಂದಿಗೆ ಸಣಬಿನ ಹುರಿ ತುರುಕಿ, ಸುತ್ತ ಜೇಡಿಮಣ್ಣಿನ ಪಟ್ಟಿ ಕಟ್ಟಿ, ಕಾಯಿಸಿದ ಸೀಸ ಹುಯ್ಯಬೇಕು. ಒಳಗೆ ಒಂದು ಹನಿ ನೀರಿದ್ದರೂ ಸೀಸ ಸಿಡಿದು ಮುಖಕ್ಕೆ ಹಾರುತ್ತದೆ. ಹಿಮದಲ್ಲಿ ನೆನೆದ ಪೈಪುಗಳನ್ನು ಒಣಗಿಸುವುದಕ್ಕೇ ಬೆಳಗೆಲ್ಲ ಹೋಗುತ್ತಿತ್ತು. ಮೇಸ್ತ್ರಿಯಂತೂ ಪ್ರತಿಯೊಂದು ಬಾಯಿಗೂ ಸೌದೆ ಕೊಳ್ಳಿ ಹಿಡಿದು, ಒಳಗೆ ಇಣುಕಿ ನೋಡಿ, ತನ್ನ ದೇವರನ್ನು ಕರೆದು ಆಮೇಲೆ ಸೀಸ ಹುಯ್ಯುತ್ತಿದ್ದ.

ಎಲ್ಲ ಮುಗಿಸಿ ನೀರು ಬಿಟ್ಟರೆ ಬಾನಿಗೆ ತೊಟ್ಟೂ ಬರಲಿಲ್ಲ. ದಿಣ್ಣೆಯ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಅಲ್ಲಿ ಪೈಪು ಕೊರೆದು ಗಾಳಿ ಬಿಡುವ ತಿರುಪು ಕೂರಿಸಿದೆ. ತಿರುಪು ಸಡಿಲಿಸಿದ ಕೂಡಲೇ ಪೈಪು ಬುಸುಗುಟ್ಟಿ, ಕೆಮ್ಮಿ, ಆಮೇಲೆ ಬಾನಿಯಲ್ಲಿ ನೀರು ಧೋ ಎಂದು ಬಿತ್ತು. ಮೇಸ್ತ್ರಿ ಬೊಗಸೆಯೊಡ್ಡಿ ಮುಖ ತೊಳೆದುಕೊಂಡ. ಬಾನಿಯ ಮೇಲೆ ಒಳ್ಳೆಯ ಹಿತ್ತಾಳೆಯ ವಾಲ್ವ್ ಇಟ್ಟಿದ್ದೆ. ಅದನ್ನು ತಿರುಗಿಸುವ ಕಬ್ಬಿಣದ ಕೈ ಆಫೀಸಿನ ಗೋಡೆಯ ಮೊಳೆಗೆ, ಉಳಿದ ಕೈಗಳ ಸಾಲಿನಲ್ಲಿ ನೇತುಬಿತ್ತು. ನಮ್ಮ ಕೆಲಸದವರಿಗೆ ಪೈಪೆಂದರೆ ವಾಲ್ವ್ ಇರಲೇಬೇಕು. ಯಾಕೆ ಎಂದು ನಾನು ಅದುವರೆಗೆ ಕೇಳಿಕೊಂಡವನೇ ಅಲ್ಲ.

ಗೌಡರನ್ನು ಕರೆಸಿ ತೋರಿಸಿದೆ. ಅವರು ಬೊಗಸೆಯಲ್ಲಿ ಹಿಡಿದು ಕುಡಿದರು, ಹೊದಿಕೆಯ ಅಂಚಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ವಾಲ್ವಿನ ಮೇಲೆ ಬೆರಳಿಟ್ಟು ಕೇಳಿದರು.

"ಇದು ಏನು?"

"ಬೇಕಾದಾಗ ತೆಗೆಯೋದು, ಬೇಡವಾದಾಗ ಮುಚ್ಚೋದು."

"ಯಾರು ಮುಚ್ಚೋದು?"

"ನಾನು. ನನ್ನ ನಂತರ ಬರೋ ಓವರ್ಸಿಯರು."

ಅವರು ನಿಧಾನವಾಗಿ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ನೀರು ಒಳ್ಳಿತು. ಕುಡಿಯೋಕ ಒಳ್ಳಿತು. ಆದ್ರ ಒಬ್ಬರು ಮುಚ್ಚಬಹುದಾದ ನೀರುಗ ನಂಗ ಉಪ್ಪು ಹಾಕೋದಿಲ್ಲೆ. ತಾನಾಗಿ ಬರೋ ನೀರುಗ ಹಾಕೋದು. ಹಾಕೋ ಮುಂಚೆ ಕೈ ಮುಗೀತೀವಿ. ಇಲ್ಲಿ ಕೈ ಮುಗಿದ್ರ ನಿಮ್ಮ ಆಪೀಸುಗ ಮುಗಿದ ಹಾಗ."

ನನಗೆ ಸಿಟ್ಟು ಬಂತು. ಮುಚ್ಚುಮರೆ ಏಕೆ, ಚೆನ್ನಾಗಿಯೇ ಬಂತು. ಕೈಯಲ್ಲಿ ಸೀಸದ ಬೊಬ್ಬೆಗಳು ಇನ್ನೂ ಆರಿರಲಿಲ್ಲ. ಸಭೆಯಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀರು ಬರ್ತದ ಅಂದ್ರಿ. ಬೀಗ ಹಾಕಿಕೊಂಡು ಬರ್ತದ ಅನ್ನಲಿಲ್ಲೆ," ಎಂದು ಮೆಲ್ಲಗೆ ಹೇಳಿ ಅವರು ಹೊರಟುಹೋದರು.

ಮನೆಗೆ ಬಂದವನು ಬೂಟು ಬಿಸಾಡಿದೆ. ಹೆಂಡತಿ ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಳು. ಇಡೀ ಕತೆಯನ್ನು ಅವಳಿಗೆ ಒಪ್ಪಿಸಿ, ಅದೇ ಒರತೆ, ಅದೇ ನೀರು, ಪೈಪಿನಲ್ಲಿ ಬಂದರೆ ಉಪ್ಪು ಕರಗುವುದಿಲ್ಲವೇ ಎಂದೆ.

"ಅಲ್ಲಾರೀ, ನಿಮ್ಮೂರಲ್ಲಿ ಸಂಕ್ರಾಂತಿಗೆ ದನ ಕಿಚ್ಚು ಹಾಯಿಸ್ತಾರಲ್ಲ," ಎಂದಳು ಅವಳು ಕೋಲು ಬಿಡದೆ. "ಯಾರೋ ಬಂದು, ನಿಮಗೆ ಬೆಂಕಿ ತಾನೇ ಬೇಕು, ಒಂದು ಒಲೆ ಕಟ್ಟಿಸಿಕೊಡ್ತೀನಿ ಅಂದಿದ್ರೆ ನಿಮ್ಮಪ್ಪ ಏನಂತಿದ್ರು?"

"ಬೈದು ಕಳಿಸ್ತಿದ್ರು."

"ಆ ಗೌಡರು ಬೈಲಿಲ್ಲವಲ್ಲ. ನೀರು ಚೆನ್ನಾಗಿದೆ ಅಂದ್ರಲ್ಲ. ಕೈ ತೊಳ್ಕೊಂಡು ಬನ್ನಿ."

ಊಟ ಮಾಡುವಾಗ ನನಗೆ ನಗು ಬಂತು. ನಮ್ಮಪ್ಪ ಆ ಒಲೆಯವನನ್ನು ಬೈದು ಕಳಿಸುವುದಿರಲಿ, ದೊಣ್ಣೆ ಹಿಡಿದು ಊರ ಗಡಿ ದಾಟಿಸುತ್ತಿದ್ದರು. ನಕ್ಕ ಮೇಲೆ ಸಿಟ್ಟು ಇಳಿಯಿತು. ಕೆಲಸ ಮಾತ್ರ ಹಾಗೇ ಉಳಿದಿತ್ತು.

ಮಾರನೆಯ ದಿನ ಲೆವೆಲ್ ಯಂತ್ರ ಹೊರಿಸಿಕೊಂಡು ಶೋಲೆಯ ಅಂಚಿಗೆ ಹತ್ತಿದೆ. ಮೇಲಿನ ಒರತೆಯನ್ನು ಅದು ಹುಟ್ಟುವ ಬಂಡೆಯಲ್ಲೇ ಹಿಡಿದರೆ? ಅಲ್ಲಿಗೆ ದನ ಹತ್ತುವುದು ಅಪರೂಪ. ಸಣ್ಣ ಬೇಲಿ ಸಾಕು. ಪೈಪು ಇಳಿಜಾರಿನ ಪಕ್ಕದಿಂದ ಕೆಳಗಿನ ಒರತೆಯನ್ನು ಮುಟ್ಟದೆ ನೇರ ಹಳೆಯ ಕಲ್ಲುತೊಟ್ಟಿಗೆ ಬರಬಹುದು. ಎತ್ತರ ಹೆಚ್ಚುವುದರಿಂದ ನೀರಿನ ಒತ್ತಡಕ್ಕೂ ತೊಂದರೆಯಿಲ್ಲ. ಕೆಳಗಿನ ಜಾಗ ಬೇಲಿಯ ಹೊರಗೆ, ಉಪ್ಪಿನ ಕುಳಿ ಇದ್ದ ಹಾಗೇ ಉಳಿಯುತ್ತದೆ. ನೆಟ್ಟ ಕಂಬ ಕೀಳಬೇಕು, ಮೇಸ್ತ್ರಿ ತೋಡಿದ ಪಾಯ ಮುಚ್ಚಬೇಕು ಅಷ್ಟೆ. ಅದನ್ನು ಕೇಳಿದ ಮೇಸ್ತ್ರಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಒಂದೇ ತೊಡಕು. ದನ ಕುಡಿಯುವ ತೊರೆಯನ್ನು ಕಲ್ಲುತೊಟ್ಟಿಗೆ ಬೀಳದಂತೆ ಪಕ್ಕಕ್ಕೆ ತಿರುಗಿಸಬೇಕಾದ್ದರಿಂದ ಕೆಳಗಿನ ಒರತೆಯ ನೀರು ಊರಿಗೆ ತಪ್ಪುತ್ತದೆ. ಮಳೆಗಾಲದಲ್ಲಿ ಅದು ಲೆಕ್ಕಕ್ಕಿಲ್ಲ. ಬೇಸಿಗೆಯ ಒಣ ವಾರಗಳಲ್ಲಿ ಮೇಲಿನದು ಸೊರಗುತ್ತದೆ. ಕೊಳಾಯಿ ಬೆಳಿಗ್ಗೆ ಮಾತ್ರ ಬರುವ ಹಾಗಾಗುತ್ತದೆ. ಊಟಿಗೆ ಹೋಗಿ ಜಿಲ್ಲೆಯ ಎಂಜಿನಿಯರಿಗೆ ನಕ್ಷೆ ತೋರಿಸಿದೆ. ಮಾಡಬಹುದು, ಆದರೆ ನೀರು ಬಿಡುವುದು ಬಿಡದಿರುವುದು ನಿಮ್ಮ ಕೌನ್ಸಿಲಿನ ಇಷ್ಟ ಎಂದು ಅವರು ಕೈ ತೊಳೆದುಕೊಂಡರು.

ಕೌನ್ಸಿಲಿನಲ್ಲಿ ಇದು ಬಂದ ದಿನ ಕುರ್ಚಿಗಳು ಸರಿದಾಡಿದವು. ಜವಳಿ ಸಾಹುಕಾರರು ನನ್ನ ಪರ. ಎಮ್ಮೆಯ ವಾಸನೆಯ ಮಹಾಶಯರು ವಿರೋಧ. ಡಾಕ್ಟರು ಎದ್ದು, ಜ್ವರದ ಊರಿನಲ್ಲಿ ನೀರು ಕಡಿಮೆ ಮಾಡುವುದೂ ತಪ್ಪೇ ಎಂದರು. ನೀರು ಸಾಲದಿದ್ದರೆ ಜನ ಕಂಡ ಕಂಡ ಹಳ್ಳದಿಂದ ತರುತ್ತಾರೆ. ಅದು ಸರಿಯಾದ ಮಾತೇ. ಕೈ ಎತ್ತಿಸಿದಾಗ ಎರಡೂ ಕಡೆ ಸಮವಾಯಿತು. ಚೇರ್ಮನ್ ದೊರೆ ತಮ್ಮ ಮತವನ್ನು ಹಾಕಲಿಲ್ಲ. ತಂಬಾಕಿನ ಹೊಗೆ ಬಿಡುತ್ತಾ ಬಹಳ ಹೊತ್ತು ಕಿಟಕಿಯಿಂದ ಗುಡ್ಡ ನೋಡಿ, ಆ ಹಟ್ಟಿಯವರಿಗೂ ಒಂದು ಸಭೆ ಇದೆಯಂತಲ್ಲ, ಅಲ್ಲಿ ಏನು ಹೇಳುತ್ತಾರೋ ಕೇಳಿ ಬರೋಣ ಎಂದರು. ಡಾಕ್ಟರನ್ನೂ ನನ್ನನ್ನೂ ಹೊರಡಿಸಿದರು.

ಹಟ್ಟಿಯ ಸಾಲುಮನೆಗಳ ಮುಂದೆ ಹುಲ್ಲಿನ ಬಯಲು. ಅದರ ತುದಿಯಲ್ಲಿ ಸುತ್ತುಕಲ್ಲು. ಹಿರಿಯರು ಕೂತು ನ್ಯಾಯ ಮಾತಾಡುವ ಜಾಗ. ದೊರೆಗೆ ಒಂದು ಕುರ್ಚಿ ತಂದು ಹಾಕಿದರು. ಅವರು ಅದನ್ನು ಬಿಟ್ಟು ಕಲ್ಲಿನ ಮೇಲೇ ಕೂತರು. ಡಾಕ್ಟರು ನಿಂತೇ ಇದ್ದರು. ನಾನು ನೆಲದ ಮೇಲೆ ನಕ್ಷೆ ಹರಡಿ ಎಲ್ಲವನ್ನೂ ಹೇಳಿದೆ.

ಅಲ್ಲಿ ಕೈ ಎತ್ತುವ ಪದ್ಧತಿ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಿದ್ದರು. ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೂ ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಮ್ಮ ಕೌನ್ಸಿಲಿನಲ್ಲಿ ಹೀಗಾದರೆ ಚಹಾದ ಖರ್ಚೇ ಊರನ್ನು ಮುಳುಗಿಸುತ್ತದೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಮೇಲಿನ ಒರತೆಗೆ ದನ ಬಿಡುವುದಿಲ್ಲ, ಬೇಲಿ ಇದ್ದರೂ ಇಲ್ಲದಿದ್ದರೂ ಬಿಡುವುದಿಲ್ಲ ಎಂಬಲ್ಲಿಗೆ ಎಲ್ಲರೂ ಬಂದರು.

"ಯಾರು ಕಾಯುತ್ತಾರೆ?" ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು.

ಗೌಡರು ಅದನ್ನು ತಮ್ಮವರಿಗೆ ಹೇಳಿದರು. ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತೆಂದು ತೋರುತ್ತದೆ. ಕೊನೆಗೆ ಗೌಡರೇ ಅಂದರು: "ನಿಂಗ ಬೇಲಿ ಹಾಕಿ. ಬೇಡ ಅನ್ನೋದಿಲ್ಲೆ. ನಂಗ ಇಲ್ಲಿ ಕೂತು ಆಡಿದ ಮಾತುಗ ಕಾವಲು ಹಾಕೋದಿಲ್ಲೆ."

ಡಾಕ್ಟರ ಮುಖ ಬಿಗಿದುಕೊಂಡಿತು. ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಕೂತಿದ್ದ, ಅದುವರೆಗೆ ಬಾಯಿ ಬಿಡದ ಮುದುಕರೊಬ್ಬರು ಕೈ ಅಡ್ಡ ಮಾಡಿದರು. "ಕೆಳಗಿನ ನೀರು ನಂಗಗೇ ಉಳಿದ್ರ ಪೇಟೆಯೋರುಗ ಕಮ್ಮಿ ಆಗೋದಿಲ್ಲೆಯಾ? ಬೇಸಿಗೆಲಿ ಅವರ ಮಕ್ಕಳು ಏನು ಕುಡೀತಾರೆ?"

ನಾನು ಅದನ್ನು ಡಾಕ್ಟರಿಗೆ ಮೆಲ್ಲಗೆ ತಿಳಿಸಿದೆ. ಅವರು ಆ ಮುದುಕರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದು ದೊರೆಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತುಕೊಂಡರು.

"ಈ ಮಾತು ಇನ್ನೂ ಮುಗಿದಿಲ್ಲೆ," ಎಂದರು ಗೌಡರು. "ಇದನ್ನ ನಂಗ ಇನ್ನೊಮ್ಮೆ ಕೂತು ಮಾತಾಡಬೇಕು. ನಿಂಗ ನಿಮ್ಮ ಕೆಲಸ ಮಾಡಿ."

ಮುಂದಿನ ಸಭೆಯಲ್ಲಿ ಡಾಕ್ಟರು ಕೈ ಎತ್ತಿದ್ದು ನಮ್ಮ ಕಡೆಗೆ. ಮೇಲಿನ ಒರತೆಗೆ ಬೇಲಿ ಬಿಗಿಯಾಗಿರಬೇಕು, ತೊಟ್ಟಿಗೆ ಮುಚ್ಚಳ ಬೇಕು, ನೀರು ಕುದಿಸಿ ಕುಡಿಯಿರೆಂದು ಊರಲ್ಲಿ ತಮಟೆ ಹೊಡೆಸಬೇಕು ಎಂದು ಮೂರು ಷರತ್ತು ಹಾಕಿದರು. ಹೊರಗೆ ಬಂದಾಗ ನನ್ನ ಹತ್ತಿರ, "ನೀರು ಕಮ್ಮಿಯಾದರೆ ಜನ ಬೈಯುವುದು ನಿನ್ನನ್ನು, ಗೊತ್ತು ತಾನೇ?" ಎಂದರು. ಗೊತ್ತಿತ್ತು.

ಆಮೇಲೆ ಕೆಲಸವೋ ಕೆಲಸ. ಶೋಲೆಯ ಅಂಚಿಗೆ ಕಲ್ಲು, ಗಾರೆ, ಪೈಪು ಎಲ್ಲ ಹೆಗಲ ಮೇಲೇ ಹೋಗಬೇಕು. ಹತ್ತಿಸಿದವರಲ್ಲಿ ಹೆಚ್ಚಿನವರು ಆ ಹಟ್ಟಿಯವರೇ. ಬಂಡೆಯ ಸಂದನ್ನು ಕೆರೆದು ಸ್ವಚ್ಛ ಮಾಡಿ, ತೊಳೆದ ಮರಳು ತುಂಬಿ, ಅದರ ಮುಂದೆ ತೊಟ್ಟಿ ಕಟ್ಟಿ ಮೇಲೆ ಚಪ್ಪಡಿ ಎಳೆದೆವು. ಕೆಳಗೆ ತೋಡಿದ್ದ ಪಾಯವನ್ನು ಮೇಸ್ತ್ರಿ ತಾನೇ ನಿಂತು ಮುಚ್ಚಿಸಿ, ಮೇಲೆ ಹುಲ್ಲುಹೆಂಟೆ ಹಾಸಿಸಿದ. ದಿಣ್ಣೆಯ ಮೇಲಿನ ಪೈಪು ಕಿತ್ತು ಇಲ್ಲಿಗೇ ಬಳಸಿದೆವು. ಬಾನಿ ಒಂಟಿಯಾಗಿ ಅಲ್ಲೇ ಉಳಿಯಿತು. ಅದರಲ್ಲಿ ಮಳೆನೀರು ನಿಂತು ಹಕ್ಕಿಗಳು ಮೀಯುತ್ತಿದ್ದವು.

ಹೊಸ ಹುಲ್ಲು ಬಂತು. ಉಪ್ಪಿನ ದಿನ ನನಗೂ ಹೇಳಿಕಳಿಸಿದರು. ನಾನು ಹೋದಾಗ ಹೊತ್ತು ಮೂಡಿ ಸ್ವಲ್ಪವೇ ಆಗಿತ್ತು. ಗೌಡರು ಬರಿಗಾಲಿನಲ್ಲಿ, ಮಂಡಿಯೂರಿ, ಕೈಯಿಂದ ಆ ತಗ್ಗಿನ ಮಣ್ಣು ಬಗೆಯುತ್ತಿದ್ದರು. ಬೆರಳಲ್ಲೇ ಒಂದು ಗೀರು ಎಳೆದು ಒರತೆಯ ನೀರನ್ನು ಕುಳಿಗೆ ತಿರುಗಿಸಿದರು. ಕೆಂಪಗೆ ಕದಡಿದ್ದ ನೀರು ನೋಡುತ್ತಿದ್ದಂತೆ ತಿಳಿಯಾಯಿತು. ಎಲ್ಲರೂ ಕೈ ಮುಗಿದರು. ಮನೆಮನೆಯಿಂದ ತಂದ ಉಪ್ಪು ಬಿತ್ತು. ಎಮ್ಮೆಗಳು ಒಂದನ್ನೊಂದು ತಳ್ಳಿಕೊಂಡು ಬಂದು ಮೂತಿ ಇಟ್ಟವು. ಅವು ಕುಡಿಯುವ ಸದ್ದು ಬಿಟ್ಟರೆ ಆ ಕಣಿವೆಯಲ್ಲಿ ಬೇರೆ ಸದ್ದಿರಲಿಲ್ಲ. ನನ್ನ ಕಣ್ಣು ತುಂಬಿತು. ನಮ್ಮೂರಿನ ಕೊಟ್ಟಿಗೆಯ ಬಾಗಿಲು, ಕಿಚ್ಚಿನ ಹೊಗೆ, ಅಪ್ಪನ ಕೂಗು, ಎಲ್ಲ ಒಟ್ಟಿಗೆ ನೆನಪಾದವು. ತಿರುಗಿ ನೋಡಿದರೆ ಡಾಕ್ಟರೂ ಬಂದಿದ್ದರು. ದೂರದಲ್ಲಿ, ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು, ನೀರು ಯಾವ ಕಡೆ ಹರಿದುಹೋಗುತ್ತದೆ ಎಂದು ನೋಡುತ್ತಿದ್ದರು.

ಒಣ ವಾರಗಳು ಬಂದವು. ಡಾಕ್ಟರು ಹೇಳಿದ ಹಾಗೇ ಆಯಿತು. ಕೊಳಾಯಿ ಬೆಳಿಗ್ಗೆ ಬಂದು ಊಟದ ಹೊತ್ತಿಗೆ ನಿಲ್ಲುತ್ತಿತ್ತು. ಪೇಟೆಬೀದಿಯಲ್ಲಿ ನಡೆದರೆ ಹೆಂಗಸರು ಖಾಲಿ ಕೊಡ ನನ್ನ ದಾರಿಗೆ ಅಡ್ಡ ಇಡುತ್ತಿದ್ದರು. ಎಮ್ಮೆಗೆ ಉಪ್ಪು ಕುಡಿಸಿ ಮನುಷ್ಯರ ಬಾಯಿ ಒಣಗಿಸಿದ ಓವರ್ಸಿಯರ್ ಎಂದು ಒಬ್ಬ ಮಹರಾಯ ಹೆಸರಿಟ್ಟ. ಕೌನ್ಸಿಲು ಮುಂದಿನ ಸಭೆಗೆ ಈ ವಿಷಯವನ್ನು ಮತ್ತೆ ಇಟ್ಟುಕೊಂಡಿತು. ಕಟ್ಟಿದ್ದನ್ನೆಲ್ಲ ಕಿತ್ತು ಕೆಳಗಿನ ಒರತೆಗೇ ಹೋಗಬೇಕಾದೀತೆಂದು ನಾನು ಆಗಲೇ ಖರ್ಚಿನ ಲೆಕ್ಕ ಹಾಕತೊಡಗಿದ್ದೆ.

ಸಭೆಗೆ ಮುಂಚೆಯೇ ಒಂದು ಬೆಳಿಗ್ಗೆ ಗೌಡರು ಆಫೀಸಿನ ಬಾಗಿಲಲ್ಲಿ ಬಂದು ನಿಂತರು. ಅವರ ಜೊತೆ ಸುತ್ತುಕಲ್ಲಿನ ಆ ಮುದುಕರು.

"ಆ ಮಾತು ಮುಗೀತು, ಓವರ್ಸೀರಯ್ಯ," ಎಂದರು ಗೌಡರು. "ಉಪ್ಪು ಆಯ್ತು. ಇನ್ನು ಕೆಳಗಿನ ನೀರು ಎತ್ತಿಕೊಳ್ಳಿ. ದನ ಆ ಕಡೆ ಬರೋದಿಲ್ಲೆ. ಮುಂದಿನ ವರ್ಷ ಹೊಸ ಹುಲ್ಲು ಬಂದಾಗ ನಂಗ ಬಂದು ಹೇಳ್ತೀವಿ, ಆವಾಗ ಬಿಟ್ಟುಕೊಡಿ."

ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದೆ. ಆ ಮುದುಕರು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ವಾಲ್ವಿನ ಕೈಗಳನ್ನು ನೋಡಿ, ಇಷ್ಟೊಂದಾ ಎಂದರು.

ವಿಷಯ ಕೇಳಿದ ಡಾಕ್ಟರು ಒಂದು ಇಡೀ ದಿನ ಆ ಜಾಗದಲ್ಲಿ ಕಳೆದರು. ದನ ನಿಂತಿದ್ದ ಮಣ್ಣನ್ನು ಕೆರೆಸಿ ಹೊರಹಾಕಿಸಿದರು. ಒರತೆಯ ಕಣ್ಣಿನ ಮುಂದೆ ಮರಳಿನ ಪೆಟ್ಟಿಗೆ ಇಡಿಸಿದರು. ಬೇಲಿ ಎಷ್ಟು ಉದ್ದ ಬೇಕಾಗುತ್ತದೆ ಎಂದು ನಾನು ಸರಪಳಿ ಬಿಚ್ಚಿದಾಗ ಅವರು ನನ್ನ ಕೈ ತಡೆದರು. "ಬೇಲಿ ಬೇಡ. ಅವರು ಹೇಳಿದ್ದಾರಲ್ಲ," ಎಂದರು. ಕೌನ್ಸಿಲಿನಲ್ಲೂ ಹಾಗೆಯೇ ಬರೆಸಿದರು. ಆ ಸಲ ಯಾರೂ ವಿರೋಧವಾಗಿ ಕೈ ಎತ್ತಲಿಲ್ಲ. ಎಮ್ಮೆಯ ವಾಸನೆಯ ಮಹಾಶಯರೂ ಸುಮ್ಮನಿದ್ದರು.

ಪೈಪಿನ ವಿಚಾರ ನನ್ನದು. ಸೀಸ ಹುಯ್ದರೆ ಪ್ರತಿ ವರ್ಷ ಕೀಳುವುದಾಗುವುದಿಲ್ಲ. ಅದಕ್ಕೆ ತುದಿಗೆ ಅಗಲವಾದ ಅಂಚು ಇರುವ ಪೈಪು ತರಿಸಿ, ನಡುವೆ ತೊಗಲಿನ ವಾಷರ್ ಕೊಟ್ಟು, ಬೋಲ್ಟು ಹಾಕಿ ಬಿಗಿದೆ. ಬೇಕೆಂದಾಗ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಬರಬಹುದು. ನೀರು ಮರಳಿನ ಪೆಟ್ಟಿಗೆಯಿಂದ ಹಳೆಯ ಕಲ್ಲುತೊಟ್ಟಿಗೆ ತಾನಾಗಿ ಬೀಳುತ್ತಿತ್ತು. ಮೇಸ್ತ್ರಿ ವಾಲ್ವ್ ಎಲ್ಲಿ ಕೂರಿಸಲಿ ಎಂದು ಕೇಳಿದ. ಇದಕ್ಕೆ ವಾಲ್ವ್ ಇಲ್ಲ ಎಂದೆ. ಅವನು ನನಗೇ ಜ್ವರ ಬಂದಿದೆಯೇನೋ ಎಂಬಂತೆ ನೋಡಿದ.

ಅಲ್ಲಿಂದ ನಾನು ಇರುವವರೆಗೂ ಅದೇ ನಡೆಯಿತು. ಹೊಸ ಹುಲ್ಲಿನ ಹೊತ್ತಿಗೆ ಗೌಡರು ಬಂದು ಹೇಳುತ್ತಿದ್ದರು. ನಾನು ಬೋಲ್ಟು ಬಿಚ್ಚಿಸುತ್ತಿದ್ದೆ. ಉಪ್ಪಿನ ದಿನ ಕಳೆದ ಮೇಲೆ ಮತ್ತೆ ಬಂದು ಅದೇ ಬಾಗಿಲಲ್ಲಿ ನಿಂತು, "ಉಪ್ಪು ಆಯ್ತು, ನೀರು ಎತ್ತಿಕೊಳ್ಳಿ," ಎನ್ನುತ್ತಿದ್ದರು. ಹೆಂಡತಿ ಅವರಿಗಾಗಿ ಒಂದು ಹಿಡಿ ಹುರಿಗಡಲೆ, ಬೆಲ್ಲ ಕಟ್ಟಿಕೊಡುತ್ತಿದ್ದಳು. ಅವರು ಹಟ್ಟಿಯಿಂದ ತುಪ್ಪ ತರುತ್ತಿದ್ದರು. ಆ ತುಪ್ಪದ ಪರಿಮಳವನ್ನು ಈ ಊರಿನಲ್ಲಿ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ನಾನು ಕೆಲಸ ಬಿಟ್ಟ ವರ್ಷ, ನನ್ನ ಜಾಗಕ್ಕೆ ಬಂದ ಹೊಸ ಓವರ್ಸಿಯರು ಮದರಾಸಿನಲ್ಲಿ ಓದಿದವರು, ಚುರುಕು ಮನುಷ್ಯ. ಗೋಡೆಯ ಮೇಲಿನ ಕೈಗಳನ್ನೆಲ್ಲ ಒಂದೊಂದಾಗಿ ತೋರಿಸಿ ಒಪ್ಪಿಸಿದೆ. ಕಣಿವೆಗೂ ಕರೆದುಕೊಂಡು ಹೋದೆ. ಕೆಳಗಿನ ಪೈಪನ್ನು ತುದಿಯಿಂದ ತುದಿಗೆ ನೋಡಿ ಅವರು ಕೇಳಿದರು.

"ಇದರ ಕೈ ಎಲ್ಲಿದೆ, ಸಾರ್?"

"ಇದಕ್ಕೆ ಕೈ ಇಲ್ಲ. ಹಟ್ಟಿಯಿಂದ ಬಂದು ಹೇಳ್ತಾರೆ. ಬಿಚ್ಚಿ ಅಂದಾಗ ಬಿಚ್ಚೋದು, ಹಾಕಿ ಅಂದಾಗ ಹಾಕೋದು."

"ಒಂದು ವರ್ಷ ಬಂದು ಹೇಳದೇ ಹೋದ್ರೆ?"

ನಾನೂ ಒಮ್ಮೆ ಹಾಗೆ ಯೋಚಿಸಿದ್ದೆ. ಅದು ಗೌಡರು ತೀರಿಕೊಂಡ ವರ್ಷ. ಉಪ್ಪಿನ ದಿನ ಕಳೆದ ಮೇಲೆ, ಮಳೆಗೆ ಇನ್ನೂ ಬಹಳ ದಿನವಿರುವಾಗ, ಅವರು ಹೋದರು. ಊರಿನ ಕೊಳಾಯಿ ಸೊರಗಿತ್ತು. ಸಾವಿನ ಮನೆಗೆ ಹೋಗಿ ನೀರಿನ ಮಾತೆತ್ತುವುದು ಹೇಗೆಂದು ನಾನು ಸುಮ್ಮನಿದ್ದೆ. ಈ ವರ್ಷ ಯಾರೂ ಬರಲಾರರು ಎಂದುಕೊಂಡೆ. ಕರ್ಮ ಮುಗಿದ ಮಾರನೆಯ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಅವರ ಮಗ ನಿಂತಿದ್ದ. ತಲೆ ಬೋಳಿಸಿತ್ತು, ಕೈಯಲ್ಲಿ ಅಪ್ಪನ ಕೋಲಿತ್ತು.

"ತಡ ಆಯ್ತು, ಓವರ್ಸೀರಯ್ಯ," ಎಂದ. "ಉಪ್ಪು ಆಯ್ತು. ನೀರು ಎತ್ತಿಕೊಳ್ಳಿ."